ಶರಣ ದಾಂಪತ್ಯದ ನಿಷ್ಠೆ: ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆ

ಲಗ್ನವಾಗುವುದು ಒಂದು ಮುಹೂರ್ತದಲ್ಲಿ. ದಾಂಪತ್ಯ ನಡೆಯಬೇಕಾದುದು ಬಾಳಿನುದ್ದಕ್ಕೂ. ಮುಹೂರ್ತದ ದಿನ ವಧೂವರರಲ್ಲಿ ಪರಸ್ಪರ ಇರುವ ಒಲವು ಸಹಜವಾದುದು. ಅದಕ್ಕೆ ಯಾರ ಉಪದೇಶವೂ ಬೇಕಾಗುವುದಿಲ್ಲ. ಆದರೆ ಹತ್ತಿಪ್ಪತ್ತು ವರ್ಷಗಳು ಕಳೆದು, ಮಕ್ಕಳು ಮರಿಗಳಾಗಿ, ಸಾಲಸೋಲಗಳು ಬಂದು, ಒಬ್ಬರ ಕುಂದುಕೊರತೆಗಳು ಮತ್ತೊಬ್ಬರಿಗೆ ಕಂಠಪಾಠವಾದ ಮೇಲೆಯೂ ಆ ಒಲವು ಉಳಿಯಬೇಕಾದರೆ ಅದಕ್ಕೆ ಬೇರೊಂದು ಆಧಾರ ಬೇಕು. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದ ಶ್ರದ್ಧೆಯ ಮುಂದಿನ ಮೆಟ್ಟಿಲು ಮಾಹೇಶ್ವರಸ್ಥಲದ ನಿಷ್ಠೆ. ಶ್ರದ್ಧೆ ಮೊಳೆಯುವುದು ಸುಲಭ. ಅದು ನಿಷ್ಠೆಯಾಗಿ ಬೇರೂರುವುದು ಕಷ್ಟ. ದೇವಭಕ್ತಿಯಲ್ಲಿ ಹೇಗೋ ದಾಂಪತ್ಯದಲ್ಲಿಯೂ ಹಾಗೆಯೇ.

ಸತಿಪತಿಗಳ ನಿಷ್ಠೆಯೆಂದರೆ ಏನು? ಹೆಂಡತಿ ಗಂಡನ ಮಾತಿಗೆ ಎದುರಾಡದಿರುವುದು, ಗಂಡ ಹೆಂಡತಿಗೆ ಅನ್ನವಸ್ತ್ರಗಳ ಕೊರತೆ ಮಾಡದಿರುವುದು ಎಂದು ಸಾಮಾನ್ಯ ಜನರು ತಿಳಿದಿರುತ್ತಾರೆ. ಇಷ್ಟರಿಂದಲೇ ದಾಂಪತ್ಯ ನಿಲ್ಲುವುದಾದರೆ ಅನ್ನವಸ್ತ್ರಗಳು ತುಂಬಿರುವ ಮನೆಗಳಲ್ಲಿ ಒಡಕು ಕಾಣಬಾರದಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಾಳಿದ ಒಬ್ಬ ಬಡ ಗೃಹಿಣಿ ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಟ್ಟರು. ಕೊಟ್ಟದ್ದು ಬಾಯಿಮಾತಿನಿಂದಲ್ಲ, ತಮ್ಮ ಸಂಸಾರದಿಂದ. ಅವರೇ ಶಿವಶರಣೆ ಆಯ್ದಕ್ಕಿ ಲಕ್ಕಮ್ಮನವರು. ಅವರ ಚರಿತ್ರೆಯನ್ನು ಪತಿ ಮಾರಯ್ಯನವರಿಂದ ಬೇರ್ಪಡಿಸಿ ಹೇಳಲು ಬಾರದು. ಮಾರಯ್ಯನವರ ಚರಿತ್ರೆಯನ್ನೂ ಲಕ್ಕಮ್ಮನವರನ್ನು ಬಿಟ್ಟು ಹೇಳಲು ಬಾರದು.

ಈ ದಂಪತಿಗಳು ಅಮರೇಶ್ವರದವರೆಂದು ಸಂಪ್ರದಾಯ ಹೇಳುತ್ತದೆ. ಅದು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಕ್ಷೇತ್ರ. ಆ ಕಾಲದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕೀರ್ತಿ ನಾಲ್ಕು ದಿಕ್ಕುಗಳಲ್ಲಿಯೂ ಹಬ್ಬಿತ್ತು. ಕುಲದ ಮೇಲುಕೀಳುಗಳನ್ನು ಎಣಿಸದೆ, ಕೈಯಲ್ಲಿ ದುಡಿಮೆ ಹೃದಯದಲ್ಲಿ ಶಿವನಿಷ್ಠೆ ಇದ್ದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವ ಹೊಸ ಬಾಳು ಅಲ್ಲಿ ನಡೆದಿತ್ತು. ಆ ವಾರ್ತೆ ಅಮರೇಶ್ವರಕ್ಕೂ ಮುಟ್ಟಿತು. ಹೊಲವಿಲ್ಲದ, ಹಣವಿಲ್ಲದ ಈ ದಂಪತಿಗಳು ಊರನ್ನು ಬಿಟ್ಟು ಕಲ್ಯಾಣದ ದಾರಿ ಹಿಡಿದರು. ಹೊಸ ಊರಿನಲ್ಲಿ ಅವರಿಗೆ ಒಬ್ಬರಿಗೊಬ್ಬರು ಆಸರೆಯೇ ಹೊರತು ಬೇರೆ ಆಸ್ತಿಯಿರಲಿಲ್ಲ.

ಕಲ್ಯಾಣದಲ್ಲಿ ಮಾರಯ್ಯನವರು ಕೈಗೊಂಡ ಕಾಯಕ ವಿಚಿತ್ರವಾದುದು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಯುತ್ತಿತ್ತು. ಅಕ್ಕಿಯನ್ನು ತರುವಾಗ, ಅಳೆಯುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುತ್ತಿದ್ದುವು. ಆ ಚೆಲ್ಲಿದ ಅಕ್ಕಿಯನ್ನು ಮಾರಯ್ಯನವರು ಒಂದೊಂದಾಗಿ ಆಯ್ದು ಮನೆಗೆ ತರುತ್ತಿದ್ದರು. ಲಕ್ಕಮ್ಮನವರು ಅದನ್ನು ಅಟ್ಟು, ಮೊದಲು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಆಯ್ದ ಅಕ್ಕಿಯಿಂದ ಬಾಳಿದವರಾದುದರಿಂದ ಆಯ್ದಕ್ಕಿ ಎಂಬುದು ಅವರ ಹೆಸರಿಗೆ ಸೇರಿ ಎಂಟು ನೂರು ವರ್ಷಗಳ ಮೇಲೆಯೂ ಉಳಿದಿದೆ.

ನಿಡಘಟ್ಟದಿಂದ ಮದ್ದೂರು ಮಳವಳ್ಳಿಗಳವರೆಗಿನ ಸೀಮೆಯ ಒಕ್ಕಲು ಮನೆತನಗಳಿಗೆ ಈ ಕಾಯಕದ ಸ್ವರೂಪವನ್ನು ವಿವರಿಸಿ ಹೇಳಬೇಕಾದುದಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬಂದ ಮೇಲೆ ಈ ಜಿಲ್ಲೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದುವು. ಕೊಯ್ಲಾದ ಗದ್ದೆಯಲ್ಲಿ ಹಕ್ಕಲು ಆಯುವ ಬಡವರನ್ನು ನೋಡಿದವರಿಗೆ, ಕಣದ ಮೂಲೆಯಲ್ಲಿ ಉಳಿದ ಕಾಳನ್ನು ಗುಡಿಸಿ ಕೇರುವ ತಾಯಂದಿರನ್ನು ನೋಡಿದವರಿಗೆ, ಒಂದು ಮೊರ ಅಕ್ಕಿಯ ಹಿಂದೆ ಎಷ್ಟು ಬಾಗುವಿಕೆ ಇದೆಯೆಂಬುದು ಗೊತ್ತಿರುತ್ತದೆ. ಮಾರಯ್ಯನವರ ಕಾಯಕವು ಅಂಥ ಬಾಗುವಿಕೆಯ ಕಾಯಕ. ಆದರೆ ಅದು ಭಿಕ್ಷೆಯಲ್ಲ. ಕಾಲಿನಡಿ ಸಿಕ್ಕಿ ಹಾಳಾಗಬಹುದಾದ ಅನ್ನವನ್ನು ಎತ್ತಿ ಶಿವನಿಗೆ ಸಲ್ಲಿಸುವ ದುಡಿಮೆ. ಅದರಲ್ಲಿ ಒಂದು ನಿಯಮವೂ ಇತ್ತು: ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ ತರಬೇಕು, ನಾಳೆಗೆಂದು ಕೂಡಿಡಬಾರದು. ಈ ನಿಯಮವೇ ಆ ಮನೆಯ ಅಡಿಗಲ್ಲಾಗಿತ್ತು. ಸತಿಪತಿಗಳಿಬ್ಬರೂ ಅದಕ್ಕೆ ಒಪ್ಪಿದ್ದರು.

ಇವರ ಕಥೆ ನಮಗೆ ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಆ ಮಹಾಗ್ರಂಥವನ್ನು ಮುಂದೆ ಪರಿಷ್ಕರಿಸಿದವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಸೇರಿದ್ದಾರೆ. ಇವರು ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರ ಪರಂಪರೆಯವರು. ಎಡೆಯೂರು ಇರುವುದು ಮದ್ದೂರು ತಾಲ್ಲೂಕಿನ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ. ರಾಯಚೂರು ಸೀಮೆಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬೆಳಗಿದ ಈ ದಾಂಪತ್ಯದ ಕಥೆಯನ್ನು ಕಾಪಾಡಿ ಉಳಿಸಿದವರಲ್ಲಿ ನಮ್ಮ ನೆರೆಯ ಸೀಮೆಯ ವಿರಕ್ತರೂ ಇದ್ದರೆಂಬುದು ಇಲ್ಲಿಯ ಭಕ್ತರಿಗೆ ಸಂತೋಷದ ಸಂಗತಿ.

ಕಾಯಕದ ವಿಷಯದಲ್ಲಿ ಮಾರಯ್ಯನವರ ನಿಲುವು ಕಟ್ಟುನಿಟ್ಟಾದುದು. ದುಡಿಮೆಯಲ್ಲಿ ತೊಡಗಿದವನು ಗುರುವಿನ ದರ್ಶನವನ್ನೂ ಲಿಂಗದ ಪೂಜೆಯನ್ನೂ ಮರೆತರೂ ದೋಷವಿಲ್ಲ. ಜಂಗಮವು ಎದುರಿಗೆ ಬಂದು ನಿಂತರೂ ದಾಕ್ಷಿಣ್ಯಕ್ಕೆ ಒಳಗಾಗಬೇಕಾಗಿಲ್ಲ. ಏಕೆಂದರೆ ಕಾಯಕದಲ್ಲಿಯೇ ಕೈಲಾಸವಿದೆ ಎಂಬುದು ಅವರ ವಚನದ ಭಾವ. ಇಂದು ನಾಡಿನ ಶಾಲೆಗಳ ಗೋಡೆಗಳ ಮೇಲೆಯೂ ಕಾಣುವ ಆ ತತ್ತ್ವದ ಮೂಲ ಈ ಅಕ್ಕಿ ಆಯುವ ಶರಣರಲ್ಲಿದೆ. ಅಂಥ ಮಾರಯ್ಯನವರೇ ಒಂದು ದಿನ ಅನುಭವಮಂಟಪದಲ್ಲಿ ಶರಣರ ಸಂಗಡ ತತ್ತ್ವವಿಚಾರದಲ್ಲಿ ಮುಳುಗಿ ಹೊತ್ತನ್ನು ಮರೆತರು. ಅಂಗಳದ ಅಕ್ಕಿ ಅಂಗಳದಲ್ಲಿಯೇ ಉಳಿಯಿತು; ಮನೆಯಲ್ಲಿ ಒಲೆ ಕಾದಿತ್ತು. ಆಗ ಲಕ್ಕಮ್ಮನವರು ಪತಿಗೆ ಕಾಯಕ ನಿಂತುಹೋದುದನ್ನು ನೆನಪು ಮಾಡಿದರು. ಪತಿಯನ್ನು ಒಡೆಯನೆಂದು ಗೌರವಿಸಿಯೇ ಕರೆದರು. ಆದರೆ ಹೇಳಬೇಕಾದುದನ್ನು ಮರೆಮಾಚಲಿಲ್ಲ. ಮಹಾನುಭಾವರ ಗೋಷ್ಠಿಯಲ್ಲಿರುವವರನ್ನು ಕರೆಯುವುದು ಹೇಗೆಂದು ಸಂಕೋಚಪಟ್ಟಿದ್ದರೆ ಆ ದಿನದ ವ್ರತ ತಪ್ಪುತ್ತಿತ್ತು. ಮಾತಿನಲ್ಲಿರುವ ತತ್ತ್ವವು ಮನೆಯಲ್ಲಿ ನಡೆಯಬೇಕೆಂದು ನೆನಪು ಮಾಡುವವರು ಪ್ರತಿ ಸಂಸಾರದಲ್ಲಿಯೂ ಒಬ್ಬರು ಬೇಕು.

ಮಾರಯ್ಯನವರು ಲಗುಬಗೆಯಿಂದ ಮಹಾಮನೆಗೆ ಹೋದರು. ಆ ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಅವರ ಬಡತನವನ್ನು ಕಂಡು ಬಸವಣ್ಣನವರೇ ಹಾಗೆ ಮಾಡಿಸಿದ್ದರೆಂದೂ, ನಿಷ್ಠೆಯನ್ನು ಲೋಕಕ್ಕೆ ತೋರಿಸಲೆಂದು ಮಾಡಿಸಿದರೆಂದೂ ಹೇಳುವುದುಂಟು. ಮಾರಯ್ಯನವರು ಸಿಕ್ಕಿದಷ್ಟನ್ನೂ ಆಯ್ದು ತಂದರು. ತಂದುದರಲ್ಲಿ ಕಳವಿಲ್ಲ, ಮೋಸವಿಲ್ಲ. ಕೇಳಿ ಪಡೆದುದೂ ಅಲ್ಲ. ನೆಲದ ಮೇಲೆ ಬಿದ್ದಿದ್ದ ಕಾಳು ಅಷ್ಟೆ. ಬಡವರ ಮನೆಗೆ ಎರಡು ದಿನದ ಅಕ್ಕಿ ಒಂದೇ ದಿನ ಬಂದರೆ ಸಂತೋಷಪಡುವುದು ಲೋಕರೂಢಿ.

ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಕ್ಕಿಯನ್ನು ನೋಡಿದೊಡನೆಯೇ ಅದು ಎಂದಿನ ಅಳತೆಯನ್ನು ಮೀರಿದೆಯೆಂದು ಕಂಡರು. ಅವರಿಗೆ ಅಕ್ಕಿಯ ಅಳತೆಗಿಂತ ಹೆಚ್ಚಾಗಿ ಮನಸ್ಸಿನ ಅಳತೆ ತಪ್ಪಿದಂತೆ ತೋರಿತು. ಒಂದಾಗಿದ್ದ ಮನಸ್ಸು ಎರಡಾಯಿತೆ, ಇದು ಪತಿಯ ಮನಸ್ಸಿನ ಚಂಚಲತೆಯೋ ಬಸವಣ್ಣನವರ ಪರೀಕ್ಷೆಯೋ ಎಂದು ಕೇಳಿದರು. ಅತಿಯಾಸೆಯು ಅರಸರಿಗೆ ಸಲ್ಲಬಹುದು, ಶಿವಭಕ್ತರಿಗೆ ಸಲ್ಲದು. ಇಷ್ಟು ಅಕ್ಕಿಯ ಆಸೆಯನ್ನು ಈಶ್ವರನು ಒಪ್ಪುವುದಿಲ್ಲ ಎಂದು ತಿಳಿಸಿ, ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಬಿನ್ನವಿಸಿಕೊಂಡರು.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಆಲೋಚಿಸಬೇಕು. ಲಕ್ಕಮ್ಮನವರು ಎದುರಾಡಿದುದು ಯಾವುದಕ್ಕೆ? ಒಡವೆ ಸಾಲದೆಂದಲ್ಲ, ಸೀರೆ ತರಲಿಲ್ಲವೆಂದಲ್ಲ. ಗಂಡ ಹೆಚ್ಚಾಗಿ ತಂದನೆಂದು. ಪತಿಯ ಮನಸ್ಸನ್ನು ನೋಯಿಸಬಾರದೆಂದು ಆ ಅಕ್ಕಿಯನ್ನು ಒಳಗಿರಿಸಿಕೊಂಡಿದ್ದರೆ ಮನೆಯಲ್ಲಿ ಅಂದು ಶಾಂತಿ ಇರುತ್ತಿತ್ತು. ಆದರೆ ಇಬ್ಬರೂ ಕೂಡಿ ಹಿಡಿದಿದ್ದ ವ್ರತ ಆ ಶಾಂತಿಯಲ್ಲಿಯೇ ಸಾಯುತ್ತಿತ್ತು. ಅವರ ನಿಷ್ಠೆ ಗಂಡನ ಆ ಹೊತ್ತಿನ ಇಚ್ಛೆಗಲ್ಲ, ಗಂಡನು ತಾನಾಗಿ ಒಪ್ಪಿ ನಿಂತ ನಿಲುವಿಗೆ. ಪತಿಯು ತನ್ನನ್ನು ಮರೆತಾಗ ಪತಿಯ ಒಳ್ಳೆಯತನವನ್ನು ಕಾಯುವುದು ಸತಿಯ ಧರ್ಮವೆಂದು ಅವರು ನಡೆದು ತೋರಿಸಿದರು. ಇದೇ ಈ ಚರಿತ್ರೆಯ ಹೃದಯ.

ಮಾರಯ್ಯನವರ ಹಿರಿಮೆಯನ್ನು ಇಲ್ಲಿ ಮರೆಯಬಾರದು. ಲಕ್ಕಮ್ಮನವರನ್ನು ಹೊಗಳುವವರು ಅನೇಕರು; ಹೆಂಡತಿಯ ಮಾತನ್ನು ಕೇಳಿ ತಲೆಬಾಗಿ, ಅಕ್ಕಿಯನ್ನು ಹೊತ್ತು ಹಿಂದಿರುಗಿದ ಮಾರಯ್ಯನವರನ್ನು ಹೊಗಳುವವರು ವಿರಳ. ನಾಲ್ಕು ಜನ ನೋಡುವ ಅಂಗಳದಲ್ಲಿ ತಾನು ಆಯ್ದುದನ್ನು ತಾನೇ ಸುರಿದು ಬರುವುದು ಅಭಿಮಾನಿಯಾದ ಗಂಡಸಿಗೆ ಎಷ್ಟು ಕಠಿನವಾದ ಕೆಲಸ! ನಾನು ದುಡಿಯುವವನು, ಅಟ್ಟು ಹಾಕುವುದು ನಿನ್ನ ಕೆಲಸ, ಎಷ್ಟು ತರಬೇಕೆಂಬುದು ನನಗೆ ಗೊತ್ತು ಎಂದು ಹೇಳುವುದಕ್ಕೆ ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಸತಿಯ ಬಾಯಲ್ಲಿ ಬಂದುದು ತಮ್ಮದೇ ವ್ರತದ ನುಡಿಯೆಂಬುದನ್ನು ಅವರು ಗುರುತಿಸಿದರು. ಹೇಳುವ ಧೈರ್ಯ ಒಬ್ಬರಲ್ಲಿ, ಕೇಳುವ ವಿನಯ ಮತ್ತೊಬ್ಬರಲ್ಲಿ ಇದ್ದುದರಿಂದ ಆ ಮನೆ ಉಳಿಯಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ಜಗಳದ ಕಥೆಯಾಗುತ್ತಿತ್ತೇ ಹೊರತು ಶರಣರ ಚರಿತ್ರೆಯಾಗುತ್ತಿರಲಿಲ್ಲ.

ಅನಂತರ ಲಕ್ಕಮ್ಮನವರು ಬಸವಣ್ಣನವರನ್ನೂ ಸಕಲ ಜಂಗಮರನ್ನೂ ತಮ್ಮ ಗುಡಿಸಲಿಗೆ ದಾಸೋಹಕ್ಕೆ ಕರೆಯಬೇಕೆಂದು ಪತಿಯನ್ನು ಪ್ರೇರಿಸಿದರು. ಮಾರಯ್ಯನವರಿಗೆ ದಿಗಿಲಾಯಿತು. ಬಡವರ ಮನೆಯ ಹಿಡಿಯಕ್ಕಿ ಯಾರ ಎಲೆಗೆ ಸಾಲುವುದು? ಮನಸ್ಸು ಶುದ್ಧವಿಲ್ಲದವನಿಗೆ ಮಾತ್ರ ಬಡತನ, ಶುದ್ಧ ಚಿತ್ತದಿಂದ ದುಡಿಯುವ ಭಕ್ತನಿಗೆ ನೋಡಿದಲ್ಲೆಲ್ಲ ಸಿರಿಯಿದೆ ಎಂದು ಲಕ್ಕಮ್ಮನವರು ಧೈರ್ಯ ತುಂಬಿದರು. ಲಕ್ಷದ ಮೇಲೆ ತೊಂಬತ್ತಾರು ಸಾವಿರ, ಎಂದರೆ ೧,೯೬,೦೦೦ ಜಂಗಮರು ಅಂದು ತೃಪ್ತರಾದರೆಂದು ಸಂಪ್ರದಾಯವು ನಂಬಿಕೊಂಡು ಬಂದಿದೆ. ಈ ಸಂಖ್ಯೆಯನ್ನು ಲೆಕ್ಕ ಹಾಕಿ ನೋಡುವುದಕ್ಕಿಂತ ಅದರ ಭಾವವನ್ನು ಗ್ರಹಿಸುವುದು ಲೇಸು. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕೈಯೇ ಊರಿಗೆಲ್ಲ ಉಣಬಡಿಸಲು ಮುಂದಾಯಿತು. ಕೂಡಿಡುವುದಕ್ಕೆ ಬೇಡವೆಂದವರೇ ಹಂಚುವುದಕ್ಕೆ ಹಿಂಜರಿಯಲಿಲ್ಲ. ಇಬ್ಬರ ಮನಸ್ಸು ಒಂದಾದ ಮನೆಯಲ್ಲಿ ಇದ್ದಷ್ಟೇ ಸಾಕಾಗುತ್ತದೆ. ಎರಡಾದ ಮನೆಯಲ್ಲಿ ಕಣಜ ತುಂಬಿದ್ದರೂ ಸಾಲದು.

ಮುಂದೆ ಮಾರಯ್ಯನವರ ಮನಸ್ಸು ಕೈಲಾಸಪದವಿಯ ಕಡೆಗೆ ತಿರುಗಿತು. ಆಗಲೂ ಲಕ್ಕಮ್ಮನವರು ಎಚ್ಚರಿಸಿದರು. ಅಕ್ಕಿಯ ಆಸೆಯಂತೆ ಕೈಲಾಸದ ಆಸೆಯೂ ಒಂದು ಆಸೆಯೇ. ಮಾಡುವ ದಾಸೋಹವನ್ನು ಬಿಟ್ಟು ಮತ್ತೊಂದು ಪದವಿಯನ್ನು ಬಯಸಬೇಕಾಗಿಲ್ಲ. ತಮ್ಮ ಅಮರೇಶ್ವರಲಿಂಗವಿರುವ ಸ್ಥಳವೇ ಕೈಲಾಸವೆಂಬುದು ಅವರ ನಿಲುವು. ಸಂಸಾರದಲ್ಲಿಯೂ ಇಂಥ ಕೈಲಾಸದಾಸೆ ಸುಳಿಯುವುದುಂಟು. ಇನ್ನೊಬ್ಬರ ಮನೆ, ಇನ್ನೊಬ್ಬರ ಬಾಳು, ಎಲ್ಲಿಯೋ ದೂರದಲ್ಲಿರುವ ಮತ್ತೊಂದು ಸುಖ ಕಣ್ಣ ಮುಂದೆ ಮಿನುಗಿ, ಕೈಯಲ್ಲಿರುವ ಬಾಂಧವ್ಯ ಸಪ್ಪೆಯಾಗಿ ಕಾಣುತ್ತದೆ. ನಿಂತ ನೆಲದಲ್ಲಿಯೇ ಕೈಲಾಸವನ್ನು ಕಾಣುವವರಿಗೆ ಆ ಮಿನುಗು ಹೆಚ್ಚು ಕಾಲ ಮೋಸ ಮಾಡಲಾರದು.

ಕಡೆಯಲ್ಲಿ ಮಾರಯ್ಯನವರು ಐಕ್ಯದ ಅರಿವನ್ನು ಸತಿಯಿಂದಲೇ ತಿಳಿಯಲು ಬಯಸಿದರು. ಸತಿಯು ಪತಿಗೆ ಬೋಧಿಸುವುದು ಉಚಿತವೆ ಎಂಬ ಪ್ರಶ್ನೆ ಲೋಕದ ಕಣ್ಣಿಗೆ ದೊಡ್ಡದು. ದೇಹಸಂಬಂಧದಲ್ಲಿ ಸತಿ ಪತಿ ಎಂಬ ಎರಡು ಹೆಸರುಗಳಿವೆಯೇ ಹೊರತು ಅರಿವಿಗೆ ಬೇರೆ ಬೇರೆ ಒಡಲುಗಳಿಲ್ಲ ಎಂಬುದು ಲಕ್ಕಮ್ಮನವರ ಉತ್ತರ. ಸ್ತ್ರೀಪುರುಷ ಸಮಾನತೆಯನ್ನು ಕುರಿತು ನಾವು ಇಂದು ಪುಟಗಟ್ಟಲೆ ಬರೆಯುವುದನ್ನು ಆ ತಾಯಿ ಒಂದು ವಚನದಲ್ಲಿ ಮುಗಿಸಿದ್ದಾರೆ. ಹೀಗೆ ಒಬ್ಬರನ್ನೊಬ್ಬರು ಅರಿವಿನಲ್ಲಿ ಕೂಡಿಕೊಂಡು ಆ ದಂಪತಿಗಳು ಲಿಂಗೈಕ್ಯರಾದರೆಂದು ಪರಂಪರೆಯು ಸ್ಮರಿಸುತ್ತದೆ. ಷಟ್‌ಸ್ಥಲದ ಕೊನೆಯ ಮೆಟ್ಟಿಲು ಸಮರಸ. ಶ್ರದ್ಧೆಯಿಂದ ಆರಂಭವಾಗಿ ನಿಷ್ಠೆಯಲ್ಲಿ ಗಟ್ಟಿಯಾದ ಅವರ ದಾಂಪತ್ಯ ಸಮರಸದಲ್ಲಿ ಮುಗಿಯಿತು.

ಲಕ್ಕಮ್ಮನವರ ಸುಮಾರು ೨೫ ವಚನಗಳು ನಮಗೆ ದೊರೆತಿವೆ. ಅವುಗಳ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ದೇವರು ಇಬ್ಬರಿಗೂ ಒಬ್ಬನೇ. ಆದರೆ ಲಕ್ಕಮ್ಮನವರು ಆ ದೇವರನ್ನು ತಮ್ಮ ಪತಿಗೆ ಪ್ರಿಯನಾದವನೆಂದು ಕರೆಯುತ್ತಾರೆ. ಪತಿಯನ್ನು ತಿದ್ದುವ ವಚನದ ಕೊನೆಯಲ್ಲಿಯೂ ಪತಿಯ ಹೆಸರಿದೆ. ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವ ವಚನದ ಕೊನೆಯಲ್ಲಿಯೂ ಆ ಹೆಸರಿದೆ. ಖಂಡಿಸುವಾಗಲೂ ಕೈಬಿಡದ ಪ್ರೀತಿಗೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೆ?

ಶರಣರಲ್ಲಿ ಇಂಥ ದಾಂಪತ್ಯ ಇದೊಂದೇ ಅಲ್ಲ. ದೇವರ ದಾಸಿಮಯ್ಯನವರಿಗೆ ದುಗ್ಗಳೆಯೂ, ಉರಿಲಿಂಗಪೆದ್ದಿಗಳಿಗೆ ಕಾಳವ್ವೆಯೂ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನವರಿಗೆ ಮಹಾದೇವಿಯೂ ಸಾಧನೆಯಲ್ಲಿ ಸಮಭಾಗಿಗಳಾಗಿದ್ದರು. ಇನ್ನೊಂದು ಕಡೆ, ನಿಷ್ಠೆಯಲ್ಲಿ ಒಂದಾಗದ ಕೌಶಿಕನನ್ನು ಅಕ್ಕಮಹಾದೇವಿಯವರು ಬಿಟ್ಟು ಹೊರಟುದನ್ನೂ ಶರಣಸಮಾಜವು ದೋಷವೆಂದು ಎಣಿಸಲಿಲ್ಲ. ಅವರನ್ನು ಅನುಭವಮಂಟಪದಲ್ಲಿ ಗೌರವದಿಂದ ಬರಮಾಡಿಕೊಂಡಿತು. ಆದುದರಿಂದ ನಿಷ್ಠೆಯ ಹೆಸರಿನಲ್ಲಿ ಹಿಂಸೆಯನ್ನು ಸಹಿಸಿಕೊಂಡಿರಬೇಕೆಂದು ಯಾವ ಹೆಣ್ಣುಮಗಳಿಗೂ ಬೋಧಿಸಲಾಗದು. ಹೊಡೆತ ಬಡಿತಗಳನ್ನು ಮೌನವಾಗಿ ನುಂಗುವುದು ನಿಷ್ಠೆಯಲ್ಲ. ಅದು ಲಕ್ಕಮ್ಮನವರ ದಾರಿಯಲ್ಲ.

ನಿಡಘಟ್ಟದ ಹೆಸರು ಈಚೆಗೆ ನಾಡಿಗೆಲ್ಲ ಪರಿಚಿತವಾಗಿದೆ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಗೊಂಡ, ಸುಮಾರು ೧೧೮ ಕಿಲೋಮೀಟರು ಉದ್ದದ ಬೆಂಗಳೂರು ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಎರಡು ಭಾಗ ಮಾಡಿದ್ದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಮತ್ತೊಂದು. ಬೇರೆ ಬೇರೆಯಾಗಿ ಕಟ್ಟಿದ ಆ ಎರಡು ಭಾಗಗಳು ಒಂದು ರಸ್ತೆಯಾದುದು ಎರಡಕ್ಕೂ ಹಾಕಿದ ಗೆರೆ ಒಂದೇ ಆಗಿದ್ದುದರಿಂದ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಗಂಡುಹೆಣ್ಣುಗಳು ಒಂದು ಸಂಸಾರವಾಗುವುದೂ ಹೀಗೆಯೇ. ಇಬ್ಬರ ಮುಂದೆಯೂ ಒಂದೇ ಗೆರೆ ಇರಬೇಕು. ಅದು ಇಲ್ಲದಿದ್ದರೆ ಎಷ್ಟು ಹತ್ತಿರ ಬಂದರೂ ಕೂಡುವ ಸ್ಥಳ ಸಿಕ್ಕುವುದಿಲ್ಲ.

ಸದ್ಗೃಹಸ್ಥರು ಈ ಚರಿತ್ರೆಯನ್ನು ಓದಿ ತಮ್ಮ ಮನೆಯ ಕಡೆಗೊಮ್ಮೆ ನೋಡಿಕೊಳ್ಳಬೇಕು. ನಮ್ಮ ಮನೆಗೆ ಬರುವ ಅಕ್ಕಿ ಯಾವ ಅಂಗಳದಿಂದ ಬರುತ್ತಿದೆ? ಸಂಬಳದ ಆಚೆಗೆ ಗಂಡ ತಂದ ಹಣವನ್ನು ಎಲ್ಲಿಯದೆಂದು ಕೇಳದೆ ಪೆಟ್ಟಿಗೆಯಲ್ಲಿಡುವ ತಾಯಂದಿರು ಎಷ್ಟು ಮಂದಿ? ಕೇಳಿದ ಹೆಂಡತಿಯ ಮೇಲೆ ಸಿಡುಕದೆ ಉತ್ತರ ಹೇಳುವ ಗಂಡಂದಿರು ಎಷ್ಟು ಮಂದಿ? ಮಗನ ಮದುವೆಯಲ್ಲಿ ಬೀಗರಿಂದ ಬಂದ ವರದಕ್ಷಿಣೆಯನ್ನು ಹಿಂದಕ್ಕೆ ಕೊಟ್ಟು ಬನ್ನಿರೆಂದು ಯಜಮಾನರಿಗೆ ಹೇಳಬಲ್ಲ ಯಜಮಾನಿ ಇಂದಿನ ಲಕ್ಕಮ್ಮ. ಹಾಗೆಯೇ ಹೋಗಿ ಕೊಟ್ಟು ಬರುವ ಯಜಮಾನರು ಇಂದಿನ ಮಾರಯ್ಯ.

ದಾಂಪತ್ಯದ ನಿಷ್ಠೆ ಮದುವೆಯ ಮಂಟಪದಲ್ಲಿ ಒಮ್ಮೆ ಮಾತು ಕೊಟ್ಟು ಮುಗಿಸುವ ವಸ್ತುವಲ್ಲ. ಮಾರಯ್ಯನವರ ಅಕ್ಕಿಯಂತೆ ಅದನ್ನು ದಿನದಿನವೂ ಆಯ್ದು ತರಬೇಕು. ನಿನ್ನೆ ತಂದುದು ಇಂದಿಗೆ ಉಳಿದಿರುವುದಿಲ್ಲ. ನಾಳೆಯದನ್ನು ಇಂದೇ ಕೂಡಿಡಲು ಬರುವುದಿಲ್ಲ. ಅಂದಂದಿನ ತಾಳ್ಮೆ, ಅಂದಂದಿನ ಸತ್ಯ, ಅಂದಂದಿನ ಒಲವು ಅಂದಂದಿಗೆ ಬೇಕು. ಹೀಗೆ ಆಯ್ದು ಬಾಳಿದ ಆ ಪುಣ್ಯದಂಪತಿಗಳನ್ನು ನೆನೆದು ನಮ್ಮ ಮನೆಮನೆಗಳಲ್ಲಿಯೂ ಹೇಳುವ ಧೈರ್ಯ ಕೇಳುವ ವಿನಯಗಳು ನೆಲಸಲೆಂದು ಹಾರೈಸೋಣ. ಶರಣು ಶರಣಾರ್ಥಿ.